ವಿದ್ಯಾವತಿ ಮೇಡಂ ಗಾಡಿಯ ಎರಡು ಮೂಗು

ಬಸವಕಲ್ಯಾಣದ ವಿದ್ಯಾವತಿಗೆ ಮೈಯೆಲ್ಲ ಉರಿಸುವ ಮಾತು ಒಂದಿದೆ. "ನಿನಗ್ಯಾಕ ಬೇಕವ್ವ ಈ ಉಸಾಬರಿ?" ಇದನ್ನು ಆಕೆ ಮೊದಲ ಸಲ ಕೇಳಿದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಚಿಟಗುಪ್ಪದ ತವರುಮನೆಯಲ್ಲಿ, ಅಪ್ಪನ ಟಾರ್ಚಿನ ಹೊಟ್ಟೆ ಬಿಚ್ಚಿ ಸ್ಪ್ರಿಂಗು ಸರಿಮಾಡುತ್ತಿದ್ದಾಗ. ಮದುವೆಯಾಗಿ ಬಂದ ಮೇಲೆ ಇಸ್ತ್ರಿಪೆಟ್ಟಿಗೆಯ ವೈರು ಬದಲಿಸಿದಾಗ ಕೇಳಿದಳು. ಮಿಕ್ಸರಿನ ಬುಶ್ ಹಾಕಿದಾಗ ಕೇಳಿದಳು. ಟಾರ್ಚು ಹತ್ತಿತು, ಇಸ್ತ್ರಿಪೆಟ್ಟಿಗೆ ಬಿಸಿಯಾಯಿತು, ಮಿಕ್ಸರು ಗರಗರ ತಿರುಗಿತು. ಆದರೂ ಆ ಮಾತು ಸವೆಯಲಿಲ್ಲ. ಹುಮನಾಬಾದಿನ ಪಿಯು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿರುವ ಹೆಂಗಸಿಗೆ, ಸ್ವಂತ ಮನೆಯಲ್ಲಿ ಒಂದು ಸ್ಕ್ರೂ ತಿರುಗಿಸಲು ನಾಲ್ಕು ಜನರ ಅಪ್ಪಣೆ ಬೇಕು ಎಂದರೆ ಸಿಟ್ಟು ಬರದೆ ಇನ್ನೇನು ಬರಬೇಕು?

ಮೊದಲ ಹದಿನೈದು ವರ್ಷ ಆಕೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲೇ ಓಡಾಡಿದಳು. ಕುಳಿತು ಹೋದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ನಲವತ್ತು ದಾಟಿದ ಮೇಲೆ ಗಾಡಿ ಹೊಡೆಯಲು ಕಲಿತು, ತನ್ನ ಪಗಾರದಲ್ಲಿ ಉಳಿಸಿದ್ದರಲ್ಲಿ ಒಂದು ಹಳೆಯ ಬಿಳಿ ಕಾರು ಕೊಂಡಳು. ಆದರೆ ಆ ಮನೆಯ ಪದ್ಧತಿ ಬೇರೆ. ಹೊಲ, ಬೀಜ-ಗೊಬ್ಬರದ ಅಂಗಡಿ, ಗ್ಯಾಸಿನ ಸಿಲಿಂಡರು, ಯಾರು ಏನೇ ತಂದರೂ ಕಾಗದ ಮಾತ್ರ ಹಿರಿಯ ಭಾವ ಮಹಾರುದ್ರಪ್ಪನ ಹೆಸರಿಗೆ. ಗಾಡಿಯ ಕಾಗದವೂ ಹಾಗೇ ಆಯಿತು. ಕೀಲಿ ತನ್ನ ಕೈಯಲ್ಲಿದ್ದರೆ ಸಾಕೆಂದು ಆಕೆ ಆಗ ಸುಮ್ಮನಾದಳು. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು, ಹೆದ್ದಾರಿಯ ಮೇಲೆ ಆಕೆಯೊಬ್ಬಳೇ. ಚಹಾ ಎಲ್ಲಿ ಎಂದು ಕೇಳುವವರಿಲ್ಲ, ಉತ್ತರಪತ್ರಿಕೆ ಎಲ್ಲಿ ಎಂದು ಕೇಳುವವರೂ ಇಲ್ಲ. ಇಡೀ ದಿನದಲ್ಲಿ ತನ್ನದು ಎನ್ನಲು ಆಕೆಗಿದ್ದದ್ದು ಆ ಎರಡು ತಾಸು.

ಆ ಎರಡು ತಾಸಿಗೇ ಈಗ ಕುತ್ತು ಬಂದಿತ್ತು. ಸ್ಟೇರಿಂಗಿನ ಹಿಂದೆ, ಮೀಟರುಗಳ ನಡುವೆ, ಎಂಜಿನ್ನಿನ ಆಕಾರದ ಒಂದು ಹಳದಿ ಲೈಟು ಹತ್ತಿಕೊಂಡಿತ್ತು. ಗ್ಯಾರೇಜಿನ ಮಿಸ್ತ್ರಿ ಎರಡು ಸಲ ಅದನ್ನು ಆರಿಸಿ ಕೊಟ್ಟ. ಎರಡು ಸಲವೂ ಹುಮನಾಬಾದಿನ ದಾರಿಯಲ್ಲಿ, ರಾಜೇಶ್ವರ ದಾಟುವುದರೊಳಗೆ, ಅದು ಮತ್ತೆ ಹತ್ತಿತು. ಮೂರನೆಯ ಸಲ ಮಿಸ್ತ್ರಿ ಬಾನೆಟ್ಟು ಎತ್ತುವ ಶ್ರಮವನ್ನೂ ತೆಗೆದುಕೊಳ್ಳದೆ, "ಎಂಜಿನ್ ಕೈ ಎತ್ತ್ಯಾದ್ರಿ ಮೇಡಂ. ಮಾರಿಬಿಡ್ರಿ," ಅಂದ. ಆಕೆಗೆ ಅಂದದ್ದು ಸಾಲದೆಂದು ಅಂಗಡಿಗೆ ಹೋಗಿ ಮಹಾರುದ್ರಪ್ಪನಿಗೂ ಅಂದ.

ಬುಧವಾರ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಮಹಾರುದ್ರಪ್ಪ ರೊಟ್ಟಿ ಮುರಿಯುತ್ತಲೇ ತೀರ್ಪು ಕೊಟ್ಟ. "ಗಾಡಿಗಿ ರಾಜೇಶ್ವರದಾಗ ಒಬ್ಬ ಗಿರಾಕಿ ಸಿಕ್ಕಾನ. ಸೋಮವಾರ ಬಂದು ಒಯ್ತಾನ. ವಿದ್ಯಾ, ನೀ ಮೊದಲಿನಂಗ ಬಸ್ಸಿಗಿ ಹೋಗವ್ವ. ಚಿಂತೀನೇ ಇರಂಗಿಲ್ಲ."

ಕೆಟ್ಟ ಮನುಷ್ಯನಲ್ಲ ಅವನು. ಎಲ್ಲರ ಚಿಂತೆಯನ್ನೂ ತಾನೇ ಮಾಡಿ ಮುಗಿಸಿ, ಉಳಿದವರಿಗೆ ಬರೀ ಫಲಿತಾಂಶ ತಿಳಿಸುವ ಜಾತಿಯವನು. ವಿದ್ಯಾವತಿ ಗಂಡನ ಕಡೆ ನೋಡಿದಳು. ಗುರುಲಿಂಗ ಅಣ್ಣನೆದುರು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಲೆಯೆತ್ತಿದವನಲ್ಲ. ಆ ದಿನವೂ ಬದನೆಕಾಯಿ ಪಲ್ಯದಲ್ಲಿ ಏನೋ ಕಳೆದುಹೋದವನಂತೆ ಹುಡುಕುತ್ತಿದ್ದ.

"ಎಂಜಿನ್ನಿಗಿ ಏನೂ ಆಗಿಲ್ರಿ ಭಾವಾ," ಅಂದಳು ವಿದ್ಯಾವತಿ. "ಸೆನ್ಸಾರ್ ಹೋಗ್ಯಾವ. ಆಕ್ಸಿಜನ್ ಸೆನ್ಸಾರ್ ಅಂತಾರ, ಎರಡ ಅವ. ನಾನೇ ಹಾಕ್ತೀನಿ."

"ನಿನಗ್ಯಾಕ ಬೇಕವ್ವ ಈ ಉಸಾಬರಿ?" ಅಂದ ಮಹಾರುದ್ರಪ್ಪ.

ಅಲ್ಲಿಗೆ ಆಕೆಯ ತಾಳ್ಮೆ ಮುಗಿಯಿತು. "ರವಿವಾರ ಸಂಜೀತನಾ ಟೈಮ್ ಕೊಡ್ರಿ. ನಾ ಸೆನ್ಸಾರ್ ಹಾಕಿ, ನಿಮ್ಮನ್ನೆಲ್ಲಾ ಕೂಡಿಸ್ಕೊಂಡು ಹುಮನಾಬಾದತನಾ ಹೋಗ್ತೀನಿ. ದಾರ್ಯಾಗ ಆ ಲೈಟ್ ಒಂದ ಸಲ ಹತ್ತಿದ್ರೂ ಕೀಲಿ ನಿಮ್ಮ ಕೈಯಾಗ ಇಡ್ತೀನಿ. ಹತ್ತಲಿಲ್ಲಂದ್ರ ಗಾಡಿ ಮಾರೂ ಮಾತು ಈ ಮನ್ಯಾಗ ಮತ್ತ ಬರಬಾರದು."

"ಆಯ್ತು. ಮಾತಂದ್ರ ಮಾತು," ಅಂದು ಮಹಾರುದ್ರಪ್ಪ ಮಜ್ಜಿಗೆ ಕುಡಿದ.

ಸೆನ್ಸಾರು ಹೋಗಿದೆ ಎಂದು ಆಕೆ ಗಾಳಿಯಲ್ಲಿ ಹೇಳಿದ್ದಲ್ಲ. ಕಾಲೇಜಿನ ರಸಾಯನಶಾಸ್ತ್ರದ ಪ್ರೇಮಕುಮಾರನ ಹತ್ತಿರ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಒಂದು ಸ್ಕ್ಯಾನರು ಇತ್ತು. ಅದನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿದರೆ ಗಾಡಿಯ ರೋಗವೆಲ್ಲ ಮೊಬೈಲಿನಲ್ಲಿ ಬರೆದು ಬರುತ್ತದೆ. ಎರಡೂ ಸೆನ್ಸಾರು ಸತ್ತಿವೆ ಎಂದು ಅದು ಸ್ಪಷ್ಟವಾಗಿ ಬರೆದಿತ್ತು. ಶುಕ್ರವಾರ ಕೊರಿಯರಿನಲ್ಲಿ ಎರಡು ಪುಟ್ಟ ಡಬ್ಬಿ ಬಂದವು. ಶನಿವಾರ ಮಧ್ಯಾಹ್ನ ಆಕೆ ಒಂದು ಡಬ್ಬಿ ಬಿಚ್ಚಿ, ವೈರಿನ ಕೊಂಡಿ ತನ್ನ ಗಾಡಿಗೆ ಹೊಂದುತ್ತದೆಯೇ ನೋಡುತ್ತಿದ್ದಾಗ ಅತ್ತೆ ಭಾಗಮ್ಮ ಬಂದು ಪಕ್ಕದಲ್ಲಿ ಕುಳಿತಳು. ಎಂಬತ್ತೊಂದು ವರ್ಷ, ಕಣ್ಣು ಮಂಜು, ಕುತೂಹಲ ಮಾತ್ರ ಚುರುಕು.

"ಇದೇನವ್ವ, ನಲ್ಲೀ ತೋಟಿ ಇದ್ದಂಗ ಅದ?"

"ಇದು ಗಾಡಿ ಮೂಗ್ರಿ ಅತ್ತಿ. ಹೊಗಿ ಹೋಗೂ ಪೈಪಿನಾಗ ಕುಂತು, ಹೊಗ್ಯಾಗ ಗಾಳಿ ಎಷ್ಟ ಉಳದದ ಅಂತ ಮೂಸಿ ನೋಡಿ ಎಂಜಿನ್ನಿಗಿ ಹೇಳ್ತದ. ಮೂಗ ಕೆಟ್ರ ಎಂಜಿನ್ನಿಗಿ ಪೆಟ್ರೋಲ್ ಎಷ್ಟ ಕುಡೀಬೇಕಂತ ತಿಳಿಯಂಗಿಲ್ಲ."

ಎರಡೂವರೆ ವಾಕ್ಯದಲ್ಲಿ ಇಷ್ಟು ಚೆನ್ನಾಗಿ ವಿವರಿಸಿದೆನಲ್ಲ ಎಂದು ಆಕೆಗೆ ಒಳಗೊಳಗೇ ಹೆಮ್ಮೆಯಾಯಿತು. ಭಾಗಮ್ಮನೂ ಗಂಭೀರವಾಗಿ ತಲೆಯಾಡಿಸಿದಳು. ವಿದ್ಯಾವತಿ ಡಬ್ಬಿಯನ್ನು ಕಪಾಟಿನ ಮೇಲಿಟ್ಟು ಉತ್ತರಪತ್ರಿಕೆ ತಿದ್ದಲು ಹೋದಳು. ಅದೇ ಆಕೆ ಮಾಡಿದ ತಪ್ಪು.

ರವಿವಾರ ಬೆಳಿಗ್ಗೆ ಏಳಕ್ಕೆಲ್ಲ ಕೆಲಸ ಸುರುವಾಯಿತು. ಮನೆಯ ಮುಂದೆ ಬಿದ್ದಿದ್ದ ಹಳೆಯ ಶಹಾಬಾದಿ ಫರಸಿಕಲ್ಲುಗಳನ್ನು ಎರಡು ಗುಡ್ಡೆಯಾಗಿ ಒಟ್ಟಿ, ಅದರ ಮೇಲೆ ಮುಂದಿನ ಗಾಲಿ ಹತ್ತಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟಳು. ಬ್ಯಾಟರಿಯ ವೈರು ಬಿಚ್ಚಿದಳು. ಹಳೆಯ ಚೂಡಿದಾರ, ತಲೆಗೆ ಗುರುಲಿಂಗನ ಹಳೆಯ ಟವೆಲು. ಗುರುಲಿಂಗ ನಟ್ಟು ಬಿಚ್ಚುವ ಪಾನಾಗಳನ್ನೆಲ್ಲ ಒಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ, ಒಂದೊಂದನ್ನೂ ಒರೆಸಿ ಒರೆಸಿ ಇಡುತ್ತಿದ್ದ. ಬೇಕಾದ ಬಾವೀಸ್ ನಂಬರ್, ಅಂದರೆ ಇಪ್ಪತ್ತೆರಡರ, ಪಾನಾ ಒಂದನ್ನು ಬಿಟ್ಟು ಉಳಿದದ್ದೆಲ್ಲ ಆ ತಟ್ಟೆಯಲ್ಲಿತ್ತು.

"ಸಾವಕಾಶ, ವಿದ್ಯಾ," ಅಂದ.

"ಇನ್ನಾ ಮುಟ್ಟೇ ಇಲ್ರೀ ನಾನು!"

"ಅಲ್ಲ, ಮುಟ್ಟಿದ ಮ್ಯಾಲ ಅಂತ."

ಆ ಪಾನಾ ಕಡೆಗೂ ಅಂಗಡಿಯಲ್ಲಿ ಸಿಕ್ಕಿತು, ಗೊಬ್ಬರದ ಚೀಲದ ಬಾಯಿಗೆ ಭಾರ ಇಟ್ಟಿದ್ದರು. ಬಾನೆಟ್ಟಿನ ಕೆಳಗಿದ್ದ ಮೊದಲ ಸೆನ್ಸಾರು ಹತ್ತು ವರ್ಷದ ಜಂಗು-ತುಕ್ಕು ಹಿಡಿದು ಪೈಪಿಗೆ ಅಂಟಿಕೊಂಡಿತ್ತು. ಜಂಗು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ತಾಸು ಕಾದಳು. ಆ ಅರ್ಧ ತಾಸಿನಲ್ಲಿ ಓಣಿಯ ಅರ್ಧ ಗಂಡಸರು ಬಂದು ನಿಂತು ಸಲಹೆ ಕೊಟ್ಟು ಹೋದರು. ಒಬ್ಬ ಸೀಮೆಎಣ್ಣೆ ಹಾಕಿರಿ ಅಂದ, ಮತ್ತೊಬ್ಬ ಸುತ್ತಿಗೆಯಿಂದ ಎರಡು ಕೊಡಿರಿ ಅಂದ, ಮೂರನೆಯವನು ಆಕೆಯನ್ನು ದಾಟಿ ಗುರುಲಿಂಗನಿಗೆ, "ಮೇಡಮ್ಮಾರಿಗಿ ಯಾಕ ತ್ರಾಸ ಕೊಡಾಕತ್ತೀರಿ ಸಾವ್ಕಾರ್ರೆ?" ಎಂದು ಬುದ್ಧಿ ಹೇಳಿದ. ತ್ರಾಸು ಯಾರು ಕೊಡುತ್ತಿದ್ದಾರೆ ಎಂದು ಕೂಗಿ ಹೇಳಬೇಕೆನಿಸಿತು. ಹಲ್ಲು ಕಚ್ಚಿಕೊಂಡು, ಹೇಗೂ ಬಿಸಾಡುವುದೇ ಎಂದು ಹಳೆಯ ಸೆನ್ಸಾರಿನ ವೈರು ಕತ್ತರಿಸಿ, ಮೇಲಿನಿಂದ ರಿಂಗ್ ಪಾನಾ ಇಳಿಸಿ, ಪಾನಾದ ಹಿಡಿಕೆಗೆ ಹ್ಯಾಂಡ್‌ಪಂಪಿನ ತುಂಡು ಪೈಪು ತೊಡಿಸಿ, ಮೈಭಾರವೆಲ್ಲ ಹಾಕಿ ಒತ್ತಿದಳು. ಒಮ್ಮೆ ಕಿರ್ ಎಂದಿತು. ಇನ್ನೊಮ್ಮೆ ಒತ್ತಿದಾಗ ಟಪ್ಪನೆ ಸಡಿಲಾಗಿ, ಆಕೆಯ ಮುಷ್ಟಿ ರೇಡಿಯೇಟರಿಗೆ ಬಡಿದು ನಾಲ್ಕೂ ಗಿಣ್ಣು ಕಿತ್ತವು. ರಕ್ತ ಬಂತು. ಆದರೂ ಆಕೆಗೆ ಆದದ್ದು ಸಂತೋಷವೇ.

"ಹೊಸಾದು ಕೊಡ್ರಿ," ಎಂದು ಕೈ ಚಾಚಿದಳು.

ಗುರುಲಿಂಗ ಡಬ್ಬಿ ಬಿಚ್ಚಿ ಸೆನ್ಸಾರು ಕೊಟ್ಟ. ವಿದ್ಯಾವತಿ ನೋಡಿದಳು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. ಸೆನ್ಸಾರಿನ ತುದಿಗೆ, ಸಣ್ಣ ಸಣ್ಣ ತೂತುಗಳಿರುವ ಆ ಉಕ್ಕಿನ ಟೊಪ್ಪಿಗೆಯ ಸುತ್ತ, ಮೂರು ಬೆರಳಿನ ಅಚ್ಚುಕಟ್ಟಾದ ವಿಭೂತಿ. ನಡುವೆ ಒಂದು ಕುಂಕುಮದ ಬೊಟ್ಟು.

"ಅತ್ತೀ!"

ಆ ಕೂಗಿಗೆ ಎದುರು ಮನೆಯ ಸಖುಬಾಯಿ ಕಸಬರಿಗೆ ಬಿಟ್ಟು ಹೊರಗೆ ಬಂದಳು. ಭಾಗಮ್ಮ ಮಾತ್ರ ಅವಸರವಿಲ್ಲದೆ ಬಾಗಿಲಿಗೆ ಬಂದು ನಿಂತಳು.

"ಇದಕ್ಕ ವಿಭೂತಿ ಯಾರ್ ಹಚ್ಚಿದ್ರಿ?"

"ನಾನೇ ಹಚ್ಚೀನಿ. ಹೊಸಾ ಸಾಮಾನು ಹಂಗೇ ಬಳಸ್ತಾರೇನು? ನೇಗಿಲ ಬಂದ್ರ ಹಚ್ತೀವಿ, ತಕ್ಕಡಿ ಬಂದ್ರ ಹಚ್ತೀವಿ. ಇನ್ನೊಂದಕ್ಕೂ ಹಚ್ಚಬೇಕಂದ್ರ ಆ ಡಬ್ಬಿ ನನಗ ಬಿಚ್ಚಾಕೇ ಬರಲಿಲ್ಲ."

"ತುದೀಗಿ ಕೈ ಮುಟ್ಟಿಸಬಾರದು ಅಂತ ಡಬ್ಬೀ ಮ್ಯಾಲ ಬರದಾರ್ರಿ! ನೀರ ತಾಗಬಾರದು, ಎಣ್ಣಿ ತಾಗಬಾರದು. ಈ ತೂತಿನಾಗಿಂದನೇ ಅದು ಮೂಸೋದು. ನೀವು ಹಸೀ ವಿಭೂತಿ ತೀಡಿ ಮೂಗು ಮುಚ್ಚಿಬಿಟ್ಟೀರಿ."

ಭಾಗಮ್ಮನ ಮುಖ ಸಣ್ಣದಾಯಿತು. "ಮೂಗಂತ ನೀನೇ ಹೇಳ್ದಿ. ಮೂಗಿದ್ದ ಮ್ಯಾಲ ಹಣಿ ಇರತದಂತ ನಾ ಹಚ್ಚಿದೆ," ಅಂದಳು.

ಹಬೆಯಂತ್ರದಿಂದ ಹಿಡಿದು ಪರಮಾಣುವಿನವರೆಗೆ ಎಲ್ಲವನ್ನೂ ಮಕ್ಕಳಿಗೆ ಅರ್ಥವಾಗುವಂತೆ ಹೇಳಬಲ್ಲೆ ಎಂದು ಬೀಗುತ್ತಿದ್ದವಳಿಗೆ ತನ್ನ ವಿವರಣೆಯೇ ಉರುಳಾಗಿತ್ತು. ಅತ್ತೆಯ ಮೇಲೆ ರೇಗಿದ್ದಕ್ಕೆ ನಾಚಿಕೆ, ಸೆನ್ಸಾರು ಹೋಯಿತಲ್ಲ ಎಂಬ ಸಂಕಟ, ರವಿವಾರ ಇನ್ನೊಂದು ಎಲ್ಲಿಯೂ ಸಿಗದೆಂಬ ಅಸಹಾಯಕತೆ, ಎಲ್ಲ ಒಟ್ಟಿಗೆ ಬಂದವು. ಒಂದು ಕ್ಷಣ ಆ ಫರಸಿ ಗುಡ್ಡೆಯ ಮೇಲೆ ಕುಳಿತು ಅತ್ತುಬಿಡೋಣ ಅನ್ನಿಸಿತು. ಆದರೆ ಓಣಿಯ ಸಲಹೆಗಾರರು ಇನ್ನೂ ಪೂರ್ತಿ ಚದುರಿರಲಿಲ್ಲ.

ಹೊಲಿಗೆಯ ಸೂಜಿ ತಂದಳು, ಒಣ ಬಟ್ಟೆ ತಂದಳು, ಅಟ್ಟದ ಮೇಲಿನ ಸೈಕಲ್ ಪಂಪು ಇಳಿಸಿದಳು. ಒಂದೊಂದು ತೂತಿನ ಬಾಯಲ್ಲಿ ಗಟ್ಟಿಯಾಗಿದ್ದ ಬೂದಿಯನ್ನು ಸೂಜಿಯ ತುದಿಯಿಂದ ಮೆಲ್ಲಗೆ ಕೆರೆದು, ಸೆನ್ಸಾರನ್ನು ತಲೆಕೆಳಗು ಹಿಡಿದು ಪಂಪಿನಿಂದ ಗಾಳಿ ಊದಿದಳು. ಗುರುಲಿಂಗ ಪಂಪು ಒತ್ತಿದ. ಬಿಳಿ ಪುಡಿ ಉದುರಿತು, ಮತ್ತೆ ಉದುರಿತು, ಕಡೆಗೆ ಉದುರುವುದು ನಿಂತಿತು. ಒಳಗೆ ಎಷ್ಟು ಉಳಿದಿದೆ ಎಂಬುದು ಯಾರಿಗೂ ಕಾಣುವಂತಿರಲಿಲ್ಲ.

"ಈಗ ಬರಾಬರ್ ಆಯ್ತೇನು?" ಗುರುಲಿಂಗ ಕೇಳಿದ.

"ಏನ್ ಹೇಳಲಿ? ಒಳಗ ಉಳದಿದ್ರ ರಾಜೇಶ್ವರ ದಾಟಂಗಿಲ್ಲ. ಲೈಟ್ ಹತ್ತೇ ಹತ್ತತದ. ನಾಳಿಂದ ನಾ ಬಸ್ಸಿಗಿ ಹೋಗ್ತೀನಿ, ಆಯ್ತಲ್ಲ? ಎಲ್ಲಾರಿಗೂ ಸಮಾಧಾನ," ಅಂದಳು.

ಗುರುಲಿಂಗ ತಟ್ಟೆಯಲ್ಲಿದ್ದ ಪಾನಾಗಳನ್ನು ಮತ್ತೊಮ್ಮೆ ಒರೆಸತೊಡಗಿದ.

ಆಕೆ ಆ ಸೆನ್ಸಾರನ್ನೇ ಹಾಕಿದಳು. ಬೇರೆ ದಾರಿ ಇರಲಿಲ್ಲ. ಸ್ಕ್ರೂವಿನ ಎಳೆಗಳಿಗೆ ಜಂಗು ಹಿಡಿಯದ ಪೇಸ್ಟು ಸವರಿ, ಕೈಯಿಂದ ತಿರುಗಿಸಿ ಕೂರಿಸಿ, ಪಾನಾದಿಂದ ಬಿಗಿದು, ವೈರಿನ ಕೊಂಡಿ ಕ್ಲಿಕ್ ಅನ್ನುವವರೆಗೆ ಒತ್ತಿದಳು. ಎರಡನೆಯದು ಗಾಡಿಯ ಕೆಳಗೆ, ಹೊಗೆ ತೊಳೆಯುವ ಡಬ್ಬಿಯ ಆಚೆಗಿತ್ತು. ಗೋಣಿತಟ್ಟು ಹಾಸಿ ಅಂಗಾತ ಮಲಗಿ ಒಳಗೆ ಸರಿದಳು. ಕಣ್ಣಲ್ಲಿ ಮಣ್ಣು, ಬಾಯಲ್ಲಿ ಜಂಗು. ಹೊರಗೆ ಕಾಣುತ್ತಿದ್ದದ್ದು ಆಕೆಯ ಎರಡು ಪಾದ ಮಾತ್ರ. ಆ ಪಾದಗಳನ್ನು ಉದ್ದೇಶಿಸಿಯೂ ಇಬ್ಬರು ದಾರಿಹೋಕರು ಸಲಹೆ ಕೊಟ್ಟರು. ಗುರುಲಿಂಗ ಮೂರು ಸಲ ಚಹಾ ತಂದ. ಗಾಡಿಯ ಕೆಳಗೆ ಮಲಗಿದವಳು ಚಹಾ ಹೇಗೆ ಕುಡಿಯಬೇಕು ಎಂದು ಅವನಿಗೆ ಮೂರು ಸಲವೂ ಹೊಳೆಯಲಿಲ್ಲ.

ಮಧ್ಯಾಹ್ನ ಎರಡಕ್ಕೆ ಬ್ಯಾಟರಿ ಜೋಡಿಸಿ ಎಂಜಿನ್ ಸುರು ಮಾಡಿದಳು. ಹಳದಿ ಲೈಟು ಒಮ್ಮೆ ಹತ್ತಿ ಆರಿತು. ಓಣಿ ಚಪ್ಪಾಳೆ ತಟ್ಟಿತು. ಆಕೆ ಮಾತ್ರ ತಟ್ಟಲಿಲ್ಲ. ಬ್ಯಾಟರಿ ಬಿಚ್ಚಿದರೆ ಗಾಡಿ ಹಳೆಯ ದೂರನ್ನೆಲ್ಲ ಮರೆಯುತ್ತದೆ, ಅದು ಮತ್ತೆ ತಪ್ಪು ಕಂಡುಹಿಡಿಯಲು ಒಂದಿಷ್ಟು ದೂರ ಓಡಬೇಕು. ಮಿಸ್ತ್ರಿ ಆರಿಸಿದ ಎರಡು ಸಲವೂ ಹೀಗೇ ಆರಿತ್ತು. ಅಸಲಿ ಪರೀಕ್ಷೆ ಹೆದ್ದಾರಿಯ ಮೇಲೆ. ಆಕೆ ಫರಸಿಯಿಂದ ಗಾಡಿ ಇಳಿಸಿ, ಕೀಲಿಯನ್ನು ಮೊಳೆಗೆ ಹಾಕಿ, ಸ್ನಾನಕ್ಕೆ ಹೋದಳು.

ನಾಲ್ಕಕ್ಕೆ ಮಹಾರುದ್ರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ಯೆ ನೋಡಲು ಹೊರಟವನ ಗತ್ತಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತ. ಹಿಂದೆ ಭಾಗಮ್ಮ, ಪಕ್ಕದಲ್ಲಿ ಗುರುಲಿಂಗ. ವಿದ್ಯಾವತಿ ಕೀಲಿ ತಿರುಗಿಸಿದಳು.

ಕೀಲಿ ಅರ್ಧ ತಿರುಗಿಸಿದಾಗ, ಎಂಜಿನ್ ಸುರುವಾಗುವ ಮೊದಲು, ಮೀಟರಿನಲ್ಲಿ ಎಲ್ಲ ಲೈಟುಗಳೂ ಒಮ್ಮೆ ಹತ್ತಬೇಕು. ನಾವೆಲ್ಲ ಬದುಕಿದ್ದೇವೆ ಎಂದು ಅವು ಹಾಜರಿ ಹೇಳುವ ಕ್ರಮ ಅದು. ಆಯಿಲಿನ ಕೆಂಪು ಲೈಟು ಹತ್ತಿತು, ಬ್ಯಾಟರಿಯದು ಹತ್ತಿತು. ಎಂಜಿನ್ನಿನ ಹಳದಿ ಲೈಟು ಹತ್ತಲಿಲ್ಲ. ಮಧ್ಯಾಹ್ನ ಎರಡಕ್ಕೆ ಹಾಜರಿ ಹೇಳಿದ್ದ ಲೈಟು ನಾಲ್ಕಕ್ಕೆ ಎಲ್ಲಿ ಹೋಯಿತು? ಆಕೆ ಧೂಳು ಒರೆಸುವವಳಂತೆ ಗಾಜಿನ ಮೇಲೆ ಬೆರಳಾಡಿಸಿದಳು. ಲೈಟಿನ ಜಾಗದಲ್ಲಿ ದುಂಡಗಿನದೊಂದು ಬೆರಳಿಗೆ ತಾಗಿತು. ಹಣೆಗೆ ಅಂಟಿಸುವ ಕರಿಯ ಟಿಕಳಿ. ಆಕೆಯದೇ ಕನ್ನಡಿಯ ಮುಂದಿನ ಚೀಟಿಯಿಂದ ಕಿತ್ತದ್ದು. ಕರಿಯ ಮೀಟರಿನ ಮೇಲೆ ಕರಿಯ ಟಿಕಳಿ ಮುಂದಿನ ಸೀಟಿನವನಿಗೆ ಏಳು ಜನ್ಮಕ್ಕೂ ಕಾಣುವಂತಿರಲಿಲ್ಲ.

ಕನ್ನಡಿಯಲ್ಲಿ ನೋಡಿದಳು. ಗುರುಲಿಂಗ ಕಿಟಕಿಯಾಚೆ ಸಖುಬಾಯಿಯ ಮನೆಯ ಗೋಡೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಗಾಡಿ ಹೊರಟಿತು. ಹೆದ್ದಾರಿ ಸೇರುವವರೆಗೂ ವಿದ್ಯಾವತಿಗೆ ಬೇರೇನೂ ಕಾಣಲಿಲ್ಲ, ಆ ಟಿಕಳಿ ಒಂದೇ. ಅದರ ಕೆಳಗೆ ಈಗ ಲೈಟು ಹತ್ತಿದೆಯೋ ಇಲ್ಲವೋ ಯಾರಿಗೆ ಗೊತ್ತು? ಗಿಣ್ಣು ಕಿತ್ತುಕೊಂಡು, ಮಣ್ಣು ತಿಂದು, ಬೆಳಿಗ್ಗೆಯಿಂದ ಮಾಡಿದ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ಆಕೆಗೇ ತಿಳಿಯದಂತೆ ಮಾಡಿಟ್ಟಿದ್ದ ಆ ಪುಣ್ಯಾತ್ಮ. ಮಹಾರುದ್ರಪ್ಪ ಎರಡು ನಿಮಿಷಕ್ಕೊಮ್ಮೆ ಬಗ್ಗಿ ಮೀಟರು ನೋಡುತ್ತಿದ್ದ.

"ಇಲ್ಲ, ಹತ್ತಿಲ್ಲ," ಎನ್ನುತ್ತಿದ್ದ, ಕ್ರಿಕೆಟ್ ಸ್ಕೋರು ಹೇಳುವವನ ಹಾಗೆ.

ಸುಮ್ಮನಿದ್ದರೆ ಆಗುತ್ತಿತ್ತು. ನಾಳೆ ಗಿರಾಕಿ ಬರುವುದಿಲ್ಲ, ಗಾಡಿ ಉಳಿಯುತ್ತದೆ, ಆ ಎರಡು ತಾಸು ಉಳಿಯುತ್ತದೆ. ಆಕೆಗೆ ಬೇಕಾದದ್ದೂ ಅಷ್ಟೇ ಅಲ್ಲವೇ? ಹಾಗಂತ ತನಗೆ ತಾನೇ ನಾಲ್ಕು ಸಲ ಹೇಳಿಕೊಂಡಳು. ಪ್ರತಿ ಸಲವೂ ಸಿಟ್ಟು ಒಂದು ಮೆಟ್ಟಿಲು ಮೇಲೇರಿತು. ಭಾವ ನಂಬಲಿಲ್ಲ, ಸರಿ. ಮಿಸ್ತ್ರಿ ನಂಬಲಿಲ್ಲ, ಓಣಿ ನಂಬಲಿಲ್ಲ, ಅವರಿಂದ ಆಕೆ ಬಯಸಿಯೂ ಇರಲಿಲ್ಲ. ಪಕ್ಕದಲ್ಲೇ ಕುಳಿತು ಪಂಪು ಒತ್ತಿದವನು, ಮೂರು ಸಲ ಚಹಾ ತಂದವನು, ಅವನೂ ಈಕೆಯ ಕೈಯಲ್ಲಿ ಆಗುವುದಿಲ್ಲ ಎಂದುಕೊಂಡೇ ಟಿಕಳಿ ಹಚ್ಚಿದ. ಅದು ಆಕೆಗೆ ಗಿಣ್ಣಿಗಿಂತ ಹೆಚ್ಚು ನೋಯುತ್ತಿತ್ತು.

ರಾಜೇಶ್ವರ ಬಂತು. ರಾಜೇಶ್ವರ ದಾಟಿತು.

"ಭೇಷ್, ವಿದ್ಯಾ!" ಮಹಾರುದ್ರಪ್ಪ ತೊಡೆ ತಟ್ಟಿದ. "ಗೆದ್ದಿ ಬಿಡವ್ವ. ನಾ ಖರೇನ ನಂಬಿರಲಿಲ್ಲ."

ವಿದ್ಯಾವತಿ ಒಂದು ಬೇವಿನ ಮರದ ನೆರಳಿಗೆ ಗಾಡಿ ನಿಲ್ಲಿಸಿದಳು. ಎಂಜಿನ್ ಬಂದ್ ಮಾಡಲಿಲ್ಲ.

"ಯಾಕ, ಏನಾಯ್ತು?" ಮಹಾರುದ್ರಪ್ಪ ಕೇಳಿದ.

"ಇಲ್ಲೊಂದು ನೋಡೂದದರಿ, ಭಾವಾ."

ಉಗುರಿನಿಂದ ಟಿಕಳಿಯ ಅಂಚು ಎಬ್ಬಿಸಿದಳು. ಎಬ್ಬಿಸುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಈಗ ಹತ್ತಿದ್ದರೆ ಎಲ್ಲ ಮುಗಿದ ಹಾಗೆ, ತಾನೇ ಕೈಯಾರೆ ಮುಗಿಸಿದ ಹಾಗೆ. ಕಣ್ಣು ತೆರೆದಳು. ಟಿಕಳಿಯಿದ್ದ ಜಾಗ ಕತ್ತಲಾಗಿತ್ತು. ಲೈಟು ಹತ್ತಿರಲಿಲ್ಲ. ಎರಡು ಮೂಗೂ ಸರಿಯಾಗಿಯೇ ಮೂಸುತ್ತಿದ್ದವು. ಆಕೆಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಆದರೆ ಆ ಸಮಾಧಾನ ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ.

"ಇದೇನಿದು?" ಮಹಾರುದ್ರಪ್ಪ ಆಕೆಯ ಬೆರಳ ಮೇಲಿನ ಟಿಕಳಿ ನೋಡಿದ. ಅವನ ಧ್ವನಿ ಬದಲಾಯಿತು. "ಟಿಕಳಿ? ಲೈಟ್ ಮುಚ್ಚಿಟ್ಟಿದ್ದೇನು? ಸಾಲಿ ಕಲಿಸೂ ಹೆಣ್ಣಮಗಳು ನೀನು, ವಿದ್ಯಾ. ನೀನೇ ಹಿಂತಾ ಮೋಸ ಮಾಡಿದ್ರ?"

ವಿದ್ಯಾವತಿ ಬಾಯಿ ತೆರೆಯಲಿಲ್ಲ. ಹೇಳಬಹುದಿತ್ತು. ಹೇಳುವುದು ತನ್ನ ಕೆಲಸವಲ್ಲ ಎಂದು ನಿರ್ಧರಿಸಿದ್ದಳು. ಕನ್ನಡಿಯಲ್ಲಿ ಗಂಡನ ಮುಖವನ್ನೇ ನೋಡುತ್ತ ಕುಳಿತಳು. ಎರಡು ಲಾರಿ ಗಾಡಿಯನ್ನು ಅಲುಗಾಡಿಸಿ ಹೋದವು. ಗುರುಲಿಂಗನ ಕುತ್ತಿಗೆಯ ಬೆವರು ಕಾಣುತ್ತಿತ್ತು.

"ಅಣ್ಣಾ," ಅಂದ ಅವನು. "ಅಣ್ಣಾ, ಅದು ಆಕಿ ಹಚ್ಚಿದ್ದಲ್ಲ. ನಾ ಹಚ್ಚೀನಿ. ಆಕಿಗಿ ಗೊತ್ತೂ ಇರಲಿಲ್ಲ. ಆಕೀಗಿ ಮೋಸ ಅನಬ್ಯಾಡ."

ಮಹಾರುದ್ರಪ್ಪ ಸೀಟಿನಲ್ಲೇ ಹಿಂದಕ್ಕೆ ತಿರುಗಿ ತಮ್ಮನನ್ನು ನೋಡಿದ. ಅಂಗಡಿಯಲ್ಲಿ ಗೊಬ್ಬರದ ಚೀಲವೊಂದು ಎದ್ದು ನಿಂತು ಮಾತಾಡಿದ್ದರೂ ಅವನಿಗೆ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲ. "ನೀ ಯಾಕ ಹಚ್ಚಿದ್ಯೋ?"

"ಸೋತ್ರ ನೀ ಗಾಡಿ ಮಾರ್ತಿದ್ದಿ."

ವಿದ್ಯಾವತಿಯೇ ಎಂಜಿನ್ ಬಂದ್ ಮಾಡಿ, ಕೀಲಿಯ ಕಡೆ ಕೈ ತೋರಿಸಿದಳು. "ಭಾವಾ, ನೀವೇ ತಿರುವಿ ನೋಡ್ರಿ. ಅರ್ಧಾ ತಿರುವಿದ್ರ ಹಳದಿ ಲೈಟ್ ಹತ್ತಬೇಕು. ಬಲ್ಬ್ ಜೀವಂತ ಅದ ಅಂತ ಅದರ ಅರ್ಥ. ಪೂರಾ ತಿರುವಿದ್ರ ಆರಬೇಕು. ಆರಲಿಲ್ಲಂದ್ರ ನಾ ಸೋತಂಗ."

ಮಹಾರುದ್ರಪ್ಪ ಬಗ್ಗಿ ಕೀಲಿ ತಿರುಗಿಸಿದ. ಲೈಟು ಹತ್ತಿತು. ಪೂರ್ತಿ ತಿರುಗಿಸಿದ. ಎಂಜಿನ್ ಸುರುವಾಗಿ ಲೈಟು ಆರಿತು. ನಂಬಿಕೆ ಬರದೆ ಮತ್ತೆ ಬಂದ್ ಮಾಡಿ ಮತ್ತೆ ತಿರುಗಿಸಿದ. ಮೂರನೆಯ ಸಲಕ್ಕೆ ಭಾಗಮ್ಮನಿಗೇ ಸಾಕಾಯಿತು.

"ಎಷ್ಟ ಸಲ ನೋಡ್ತಿಯೋ ಮಾರಾಯಾ? ವಿಭೂತಿ ಹಚ್ಚಿದ ಮ್ಯಾಲ ಎಲ್ಲಿಂದ ಹತ್ತಬೇಕದು?" ಅಂದಳು ಆಕೆ, ಬೆಳಿಗ್ಗೆ ಕಳೆದುಕೊಂಡ ಮರ್ಯಾದೆಯನ್ನೆಲ್ಲ ಒಂದೇ ಸಲಕ್ಕೆ ವಾಪಸು ತೆಗೆದುಕೊಳ್ಳುತ್ತ.

ವಿದ್ಯಾವತಿ ಹಣೆ ಹಣೆ ಬಡಿದುಕೊಂಡಳು. ಸೂಜಿ, ಪಂಪು, ಬಾವೀಸ್ ನಂಬರ್ ಪಾನಾ, ಕಿತ್ತ ಗಿಣ್ಣು, ಯಾವುದೂ ಈ ಮನೆಯ ಚರಿತ್ರೆಯಲ್ಲಿ ದಾಖಲಾಗುವುದಿಲ್ಲ ಎಂದು ಆಕೆಗೆ ಆಗಲೇ ಗೊತ್ತಾಯಿತು. ಇನ್ನು ಮುಂದೆ ಬರುವ ನೆಂಟರಿಗೆಲ್ಲ ವಿಭೂತಿಯ ಕಥೆಯೇ. ಅದನ್ನಾದರೂ ಸಹಿಸಬಹುದು. ಆಕೆ ಹಿಂದಕ್ಕೆ ತಿರುಗಿ ಗಂಡನನ್ನು ನೇರವಾಗಿ ನೋಡಿದಳು.

"ಮನ್ಯಾಗ ಯಾರ್ ನಂಬದಿದ್ರೂ ನಡೀತಿತ್ತು ನನಗ. ನೀವು ನಂಬೀರಿ ಅಂತ ತಿಳದಿದ್ದೆ."

"ನಂಬಿದ್ದೆ, ವಿದ್ಯಾ. ಖರೇನ ನಂಬಿದ್ದೆ," ಅಂದ ಗುರುಲಿಂಗ. "ಆದ್ರ ಅಂಜಿಕೀನೂ ಬಂತು. ಹದಿನೈದ ವರ್ಷ ನೀ ಬಸ್ಸಿನಾಗ ನಿಂತು ಬಂದು, ಮನಿಗಿ ಬಂದ ಕೂಡ್ಲೇ ಕಾಲು ಹಿಡ್ಕೊಂಡು ಕುಂಡ್ರತಿದ್ದಿ. ಮತ್ತ ಅದನ್ನ ನೋಡಾಕ ನನ್ನ ಕೈಲೆ ಆಗಂಗಿಲ್ಲ."

ಇಂಥವನ ಮೇಲೆ ಸಿಟ್ಟು ಮಾಡುವುದೂ ಒಂದು ಶಿಕ್ಷೆಯೇ. ಆಕೆಯ ಸಿಟ್ಟು ಹೋಗಲಿಲ್ಲ, ಆದರೆ ಇಟ್ಟುಕೊಳ್ಳಲು ಜಾಗವೂ ಉಳಿಯಲಿಲ್ಲ. ಕಣ್ಣು ತುಂಬಿದ್ದನ್ನು ಯಾರೂ ನೋಡಬಾರದೆಂದು ಮುಂದಕ್ಕೆ ತಿರುಗಿ, ಟಿಕಳಿಯನ್ನು ಕಿಟಕಿಯಿಂದ ಹೊರಗೆಸೆದು, ಗೇರು ಹಾಕಿ ಗಾಡಿಯನ್ನು ಹೆದ್ದಾರಿಗೆ ಹತ್ತಿಸಿದಳು. ಮಾತು ಹುಮನಾಬಾದಿನವರೆಗೆ ಎಂದಾಗಿತ್ತು. ಹುಮನಾಬಾದಿನವರೆಗೆ ಹೋಗಿಯೇ ತೀರುವುದು.

ಮಹಾರುದ್ರಪ್ಪ ಮತ್ತೆ ಮೀಟರಿನ ಕಡೆ ಬಗ್ಗಲಿಲ್ಲ. ಸ್ಟೇರಿಂಗಿನ ಮೇಲಿದ್ದ ಆಕೆಯ ಬಲಗೈ ನೋಡಿದ. ನಾಲ್ಕೂ ಗಿಣ್ಣಿನ ಮೇಲೆ ಅರಿಸಿನ ಮೆತ್ತಿತ್ತು, ಒಂದರಿಂದ ಇನ್ನೂ ರಕ್ತ ಜಿನುಗುತ್ತಿತ್ತು. ಆಮೇಲೆ ಜೇಬಿನಿಂದ ಮೊಬೈಲು ತೆಗೆದು, ಕಣ್ಣಿಗೆ ದೂರ ಹಿಡಿದು ಹೆಸರು ಹುಡುಕಿ ಫೋನು ಹಚ್ಚಿದ. ಆ ಕಡೆ ರಾಜೇಶ್ವರದ ಗಿರಾಕಿ.

"ಹಾಂ, ನಾ ಮಹಾರುದ್ರಪ್ಪ ಮಾತಾಡಾಕತ್ತೇನಿ. ನಾಳಿ ಬರಬ್ಯಾಡಪ್ಪ. ಗಾಡಿ ಮಾರಂಗಿಲ್ಲ." ಆ ಕಡೆಯವನು ಏನೋ ತಕರಾರು ತೆಗೆದ. "ಹೌದೋ, ಕಾಗದ ನನ್ನ ಹೆಸರಿಗೇ ಅದಾವ, ಯಾರ್ ಇಲ್ಲಂದ್ರು? ಕಾಗದದ ಮಾತು ಬಿಡು. ಮಾಲಕರು ಒಲ್ಲೆ ಅಂತಾರ." ಮತ್ತೆ ಏನೋ ಕೇಳಿದ. ಮಹಾರುದ್ರಪ್ಪ ಪಕ್ಕಕ್ಕೆ ತಿರುಗಿ ನೋಡಿ ಗಂಟಲು ಸರಿಮಾಡಿಕೊಂಡ.

"ಮಾಲಕರ ಸಂಗಟ ಈಗ ಮಾತಾಡಾಕ ಆಗಂಗಿಲ್ಲಪ್ಪ. ಅವರು ಗಾಡಿ ಹೊಡ್ಯಾಕತ್ತಾರ."